ಕರಾರು ಮುಗಿದ ಮಾತ್ರಕ್ಕೆ ಮನೆಗೆ ಬೀಗ ಜಡಿಯುವಂತಿಲ್ಲ: ಬಾಡಿಗೆದಾರರಿಗೆ ಒಂದು ಎಚ್ಚರಿಕೆ

2024ರ ವಿಜಯದಶಮಿಯ ಮರುದಿನ ಸಂಜೆ ನಾವು ಮಂಡ್ಯದಿಂದ ಮೈಸೂರಿಗೆ ಹಿಂದಿರುಗಿ, ಕುವೆಂಪುನಗರದ ನಮ್ಮ ಬಾಡಿಗೆ ಮನೆಯ ಮೆಟ್ಟಿಲು ಹತ್ತಿದಾಗ, ನಾವು ಹಾಕಿಹೋಗಿದ್ದ ಬೀಗದ ಜೊತೆಗೆ ಇನ್ನೊಂದು ಬೀಗ ತೂಗುತ್ತಿತ್ತು. ಒಳಗೆ ಮಗಳ ಶಾಲೆಯ ಪುಸ್ತಕಗಳು, ನನ್ನ ತಾಯಿಯವರ ಸಕ್ಕರೆ ಕಾಯಿಲೆಯ ಮಾತ್ರೆಗಳು, ದಸರೆಗೆ ಕೂರಿಸಿ ಇನ್ನೂ ಎತ್ತಿಡದಿದ್ದ ಗೊಂಬೆಗಳು ಎಲ್ಲವೂ ಇದ್ದವು. ಕೆಳಗಿನ ಮನೆಯಲ್ಲೇ ವಾಸವಿದ್ದ ಮಾಲೀಕರು, "ನಿಮ್ಮ ಕರಾರು ಮುಗಿದು ಒಂದೂವರೆ ವರ್ಷವಾಯಿತು ಸ್ವಾಮಿ, ಈಗ ನೀವು ಇಲ್ಲಿರುವುದೇ ಅಕ್ರಮ" ಎಂದರು. ನನ್ನ ದುರದೃಷ್ಟವೆಂದರೆ ನಾನೂ ಆ ಮಾತನ್ನು ನಂಬಿದೆ.

ಕರಾರು ಮುಗಿದಿದ್ದು ನಿಜ. 2022ರ ಜೂನ್‌ನಲ್ಲಿ ತಿಂಗಳಿಗೆ 14,000 ರೂಪಾಯಿ ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್ ಎಂದು ಇ-ಸ್ಟಾಂಪ್ ಕಾಗದದ ಮೇಲೆ ಹನ್ನೊಂದು ತಿಂಗಳಿಗೆ ಬರೆದುಕೊಂಡಿದ್ದೆವು. ಎಲ್ಲರೂ ಹನ್ನೊಂದೇ ತಿಂಗಳಿಗೆ ಬರೆಯುವುದಕ್ಕೆ ಕಾರಣ, ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕೆಂಬುದೇ ಹೊರತು, ಹನ್ನೆರಡನೆಯ ತಿಂಗಳು ಬಾಡಿಗೆದಾರನ ಹಕ್ಕೆಲ್ಲ ಆವಿಯಾಗುತ್ತದೆ ಎಂದಲ್ಲ. ಅವಧಿ ಮುಗಿದ ಮೇಲೂ ಮಾಲೀಕರು ತಿಂಗಳು ತಿಂಗಳೂ ಬಾಡಿಗೆ ಪಡೆಯುತ್ತಾ ಬಂದರೆ, 1882ರ ಸ್ವತ್ತು ಹಸ್ತಾಂತರ ಕಾಯ್ದೆಯ 116ನೆಯ ಕಲಮಿನ ಪ್ರಕಾರ ಆ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಅದನ್ನು ಕೊನೆಗೊಳಿಸಬೇಕಾದರೆ 106ನೆಯ ಕಲಮಿನಂತೆ ಹದಿನೈದು ದಿನಗಳ ನೋಟಿಸನ್ನು ಬರವಣಿಗೆಯಲ್ಲಿ, ಸಹಿ ಮಾಡಿ, ಅಂಚೆಯ ಮೂಲಕವೋ ಕೈಯಲ್ಲೋ ತಲುಪಿಸಬೇಕು. ನಮಗೆ ಬಂದದ್ದು ಆಗಸ್ಟ್‌ನಲ್ಲಿ ಗೇಟಿನ ಬಳಿ ಹೇಳಿದ ಒಂದು ಮಾತು: "ಮಗ ಬೆಂಗಳೂರಿನಿಂದ ಬರುತ್ತಿದ್ದಾನೆ, ಹತ್ತು ದಿನದಲ್ಲಿ ಖಾಲಿ ಮಾಡಿಕೊಡಿ."

ಇಲ್ಲಿ ನನ್ನ ತಪ್ಪನ್ನೂ ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಕಚೇರಿಯಲ್ಲಿ ಕಾನೂನು ಬಲ್ಲವರೆಂದು ಹೆಸರಾದ ಹಿರಿಯರೊಬ್ಬರು, ಸ್ವಂತ ವಾಸಕ್ಕೆ ಬೇಕೆಂದು ಮಾಲೀಕರು ರುಜುವಾತು ಮಾಡದೆ ಯಾರನ್ನೂ ಬಿಡಿಸಲಾಗದು, ನೀವು ಸುಮ್ಮನೆ ಕೂತಿರಿ ಎಂದು ಧೈರ್ಯ ತುಂಬಿದರು. ಅವರು ಹೇಳಿದ್ದು 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಮಾತು. ಬಾಡಿಗೆ ಬಾಕಿ, ಅನುಮತಿಯಿಲ್ಲದ ಒಳಬಾಡಿಗೆ, ಮಾಲೀಕರ ನೈಜ ಅಗತ್ಯ ಮುಂತಾದ ನಿರ್ದಿಷ್ಟ ಕಾರಣಗಳಿಲ್ಲದೆ ಬಾಡಿಗೆದಾರನನ್ನು ಬಿಡಿಸಬಾರದೆಂದು ಆ ಕಾಯ್ದೆ ಹೇಳುವುದು ಸತ್ಯವೇ. ಆದರೆ ಊರನ್ನು ಅವಲಂಬಿಸಿ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಎಂಬ ಬಾಡಿಗೆಯ ಮಿತಿಯನ್ನು ಮೀರಿದ ಮನೆಗಳಿಗೆ ಅದು ಅನ್ವಯವಾಗುವುದೇ ಇಲ್ಲ. ಇಂದು ಮೈಸೂರಿನಲ್ಲಿ ಆ ಬಾಡಿಗೆಗೆ ಒಂದು ಕೋಣೆ ಸಿಕ್ಕರೆ ಪುಣ್ಯ. ನಮ್ಮಂಥ ಮನೆಗಳಲ್ಲಿ ಅವಧಿ ಮುಗಿದಿದ್ದರೆ ಮಾಲೀಕರು ಕಾರಣವನ್ನೇ ಹೇಳಬೇಕಿಲ್ಲ. ಸರಿಯಾದ ನೋಟಿಸ್ ಕೊಟ್ಟು ಸಿವಿಲ್ ನ್ಯಾಯಾಲಯಕ್ಕೆ ಹೋದರೆ ಸಾಕು. ನೋಟಿಸಿನ ಅವಧಿ ದಾಟಿದ ಮೇಲೂ ಬಾಡಿಗೆದಾರ ಪಟ್ಟು ಹಿಡಿದು ಕೂತರೆ, ಆ ದಿನಗಳಿಗೆ ಬಾಡಿಗೆಗಿಂತ ಹೆಚ್ಚಿನ ನಷ್ಟಪರಿಹಾರ ಕೊಡಬೇಕೆಂದು ನ್ಯಾಯಾಲಯ ಆದೇಶಿಸಬಹುದು. ಹನ್ನೆರಡು ವರ್ಷ ಇದ್ದರೆ ಮನೆ ನಮ್ಮದೇ ಆಗುತ್ತದೆ ಎಂಬ ಕಟ್ಟೆ ಪುರಾಣವಂತೂ ಬಾಡಿಗೆ ಕೊಟ್ಟುಕೊಂಡಿರುವವನಿಗೆ ಸಲ್ಲುವುದಿಲ್ಲ, ಏಕೆಂದರೆ ಅವನು ಅಲ್ಲಿರುವುದೇ ಮಾಲೀಕರ ಅನುಮತಿಯಿಂದ.

ಆ ಹಿರಿಯರ ಮಾತು ಕೇಳಿ ನಾನು ಮಾಡಿದ ಇನ್ನೊಂದು ಅವಿವೇಕವೆಂದರೆ, ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎಂದು ಎರಡು ತಿಂಗಳ ಬಾಡಿಗೆಯನ್ನು ನಿಲ್ಲಿಸಿದ್ದು. ಹಾಗೆ ಮುರಿದುಕೊಳ್ಳಬಹುದೆಂದು ನಮ್ಮ ಕರಾರಿನಲ್ಲಿ ಎಲ್ಲಿಯೂ ಇರಲಿಲ್ಲ. ಅಲ್ಲಿಯವರೆಗೆ ಒಂದು ದಿನವೂ ತಡಮಾಡದೆ ಬಾಡಿಗೆ ಕಟ್ಟಿದವನು, ಜಗಳದ ಹೊತ್ತಿಗೆ ಸರಿಯಾಗಿ ಬಾಕಿದಾರನಾದೆ.

ಬೀಗ ಕಂಡ ರಾತ್ರಿ ನಾವು ಠಾಣೆಗೆ ಹೋದೆವು. ಅಲ್ಲಿ ಮೊದಲು ಇದು ಸಿವಿಲ್ ವ್ಯಾಜ್ಯವೆಂದರು, ಆಮೇಲೆ ಮಾಲೀಕರನ್ನೂ ಕರೆಸಿ ರಾಜಿ ಮಾಡಿಸಿದರು. ಒಂದು ವಾರದೊಳಗೆ ಸ್ವಇಚ್ಛೆಯಿಂದ ಮನೆ ಖಾಲಿ ಮಾಡುತ್ತೇವೆ ಎಂದು ನನ್ನ ಕೈಯಲ್ಲೇ ಬರೆಸಿ ಸಹಿ ಪಡೆದ ಮೇಲೆ ಬೀಗ ತೆಗೆಯಲಾಯಿತು. ತಾಯಿಯವರ ಮಾತ್ರೆ ಸಿಕ್ಕರೆ ಸಾಕೆಂಬ ಆತುರದಲ್ಲಿ ನಾನು ಸಹಿ ಹಾಕಿದೆ. ಮನೆ ಖಾಲಿ ಮಾಡಿಸುವ ಅಧಿಕಾರ ಪೊಲೀಸರಿಗೆ ಇಲ್ಲವೆಂಬುದಾಗಲಿ, ಹೋಗಲು ಹಕ್ಕಿರುವ ಕಡೆಗೆ ಒಬ್ಬರನ್ನು ಹೋಗದಂತೆ ತಡೆಯುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧವೆಂಬುದಾಗಲಿ ನನಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದರೆ ಬೀಗದ ಫೋಟೋ ತೆಗೆದು, ಅಲ್ಲಿಂದಲೇ 112ಕ್ಕೆ ಕರೆ ಮಾಡಿ, ಲಿಖಿತ ದೂರು ಕೊಟ್ಟು ಅದಕ್ಕೆ ಸ್ವೀಕೃತಿ ಪಡೆಯುತ್ತಿದ್ದೆ. "ಸ್ವಇಚ್ಛೆಯಿಂದ" ಎಂಬ ಪದವನ್ನು ಮಾತ್ರ ಬರೆಯುತ್ತಿರಲಿಲ್ಲ.

ಅಡ್ವಾನ್ಸಿನಲ್ಲಿ ಬಾಕಿ ಬಾಡಿಗೆ 28,000, ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ 14,000, ಬಿಲ್ಲಿಲ್ಲದ ದುರಸ್ತಿಗೆ 18,000 ಕಳೆದು ನನ್ನ ಕೈಗೆ 40,000 ಬಂತು. ಬಾಕಿ ನನ್ನದೇ, ಬಣ್ಣದ ಷರತ್ತು ಕರಾರಿನಲ್ಲಿತ್ತು. ದುರಸ್ತಿ ಏನೆಂದು ಇಂದಿಗೂ ಗೊತ್ತಿಲ್ಲ.

ಹೊಸ ಮನೆ, ಮಗಳ ಪರೀಕ್ಷೆ ಎಂದು ದಿನ ತಳ್ಳಿ, 2025ರ ಮೇ ತಿಂಗಳಲ್ಲಿ ವಕೀಲರೊಬ್ಬರನ್ನು ಕಂಡಾಗ ಅವರು ಮೊದಲು ಕೇಳಿದ್ದು ಬೀಗ ಬಿದ್ದ ತಾರೀಖನ್ನು. ಕಾನೂನಿನ ಕ್ರಮವಿಲ್ಲದೆ, ಒಪ್ಪಿಗೆಯಿಲ್ಲದೆ ಹೊರಹಾಕಲ್ಪಟ್ಟವನು, ಮಾಲೀಕತ್ವದ ಪ್ರಶ್ನೆಯನ್ನೇ ಎತ್ತದೆ, ಸ್ವಾಧೀನವನ್ನು ಮರಳಿ ಕೇಳಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮು ಅವಕಾಶ ಕೊಡುತ್ತದೆ. ಇರುವ ಹಕ್ಕು ಮುಗಿದವನನ್ನೂ ಕಾನೂನಿನ ಮೂಲಕವೇ ಹೊರಗೆ ಕಳುಹಿಸಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಹೇಳಿದೆ. ಆದರೆ ಆ ದಾವೆಯನ್ನು ಆರು ತಿಂಗಳೊಳಗೆ ಹೂಡಬೇಕು. ನನ್ನ ಆರು ತಿಂಗಳು ಏಪ್ರಿಲ್‌ನಲ್ಲೇ ಮುಗಿದಿತ್ತು, ಮುಗಿಯದಿದ್ದರೂ ನನ್ನದೇ ಅಕ್ಷರದ ಆ ಕಾಗದ ಎದುರಿಗೆ ನಿಲ್ಲುತ್ತಿತ್ತು. ಶುಲ್ಕಕ್ಕೆ ಹೆದರಿ ತಡಮಾಡಿದೆ ಎಂದಾಗ ಅವರು ಹೇಳಿದ ಮಾತು ಇನ್ನೂ ಚುಚ್ಚುತ್ತದೆ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ, ಕರಾರಿನಲ್ಲಿ ನನ್ನ ಜೊತೆಗೆ ಹೆಂಡತಿಯ ಹೆಸರೂ ಇತ್ತು.

ಹಣದ ಬಾಬಿಗೆ ಮೂರು ವರ್ಷಗಳ ಕಾಲಾವಕಾಶವಿರುವುದರಿಂದ, ದುರಸ್ತಿಯ ಲೆಕ್ಕವನ್ನಾದರೂ ಕೊಡಿ, ಇಲ್ಲವೇ 18,000 ರೂಪಾಯಿ ಹಿಂದಿರುಗಿಸಿ ಎಂದು ಆ ವಕೀಲರ ಮೂಲಕ ನೋಟಿಸ್ ಕಳುಹಿಸಿದ್ದೇನೆ. ಅಂಚೆ ತಲುಪಿದ ಸ್ವೀಕೃತಿ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.