ಕುಳ್ಳ ಆಲ್ಬರ್ಟಾ ಸ್ಪ್ರೂಸ್: ಬೋನ್ಸಾಯ್ ಮಾಡಲು ಕೊಳ್ಳಬಹುದೇ?

ಸ್ಪ್ರೂಸ್ ಎಂದರೆ ಚಳಿ ಸೀಮೆಯ, ಸೂಜಿ ಎಲೆಯ ಮರ. ನರ್ಸರಿಯಲ್ಲಿ ಸಾಲಾಗಿ ಇಟ್ಟ ಅದರ ಕುಳ್ಳ ತಳಿ, ಕುಳ್ಳ ಆಲ್ಬರ್ಟಾ ಸ್ಪ್ರೂಸ್ ಗಿಡಗಳನ್ನು ನೋಡಿದರೆ ಅರ್ಧ ಬೋನ್ಸಾಯ್ ಕೆಲಸ ಆಗಲೇ ಮುಗಿದಿದೆ ಅನಿಸುತ್ತದೆ. ಗೋಪುರದಂಥ ಆಕಾರ, ಒಂದೂವರೆ ಸೆಂಟಿಮೀಟರ್ ಆಸುಪಾಸಿನ ಸೂಜಿ ಎಲೆ, ಬೆರಳು ತೂರದಷ್ಟು ದಟ್ಟಣೆ. ಕೊಳ್ಳುವವರನ್ನು ಸೆಳೆಯುವ ಆ ದಟ್ಟಣೆಯೇ ಇದರ ಮೊದಲ ದೋಷ. ಒಳಗೆ ಬೆಳಕು ಬೀಳದೆ ಎಲೆಗಳು ಒಣಗಿ ಉದುರಿರುತ್ತವೆ, ಹಸಿರು ಉಳಿದಿರುವುದು ಹೊರಗಿನ ಪದರದಲ್ಲಿ ಮಾತ್ರ. ಸ್ಪ್ರೂಸ್ ಜಾತಿಯಲ್ಲಿ ಬೋಳಾದ ಹಳೆಯ ರೆಂಬೆಯಿಂದ ಹೊಸ ಚಿಗುರು ಬರುವುದನ್ನು ನೆಚ್ಚಿಕೊಳ್ಳುವಂತಿಲ್ಲ. ಹಸಿರಿಲ್ಲದ ಕಡೆಗೆ ಕತ್ತರಿಸಿದರೆ ಆ ರೆಂಬೆ ಹೋಯಿತು ಎಂದೇ ಲೆಕ್ಕ.

ಈ ತಳಿ 1904ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ, ಈಗಿನ ಲೇಕ್ ಲೂಯಿಸ್ ಬಳಿ ಸಿಕ್ಕ ಬಿಳಿ ಸ್ಪ್ರೂಸ್‌ನ ಕುಬ್ಜ ರೂಪ. ಇದನ್ನು ಕಡ್ಡಿ ನೆಟ್ಟು ಬೆಳೆಸುತ್ತಾರೆ. ಆಗಾಗ ಒಂದು ಕೊಂಬೆ ಮೂಲ ಮರದ ಗುಣಕ್ಕೆ ಮರಳಿ, ಉದ್ದ ಎಲೆಯೊಡನೆ ಸರಸರನೆ ನೆಗೆಯುತ್ತದೆ. ಕಂಡ ದಿನವೇ ಅದನ್ನು ಬುಡಸಮೇತ ತೆಗೆಯಬೇಕು, ಬಿಟ್ಟರೆ ಉಳಿದ ಗಿಡವನ್ನೇ ನುಂಗುತ್ತದೆ.

ಗಿಡ ವರ್ಷಕ್ಕೆ 5ರಿಂದ 10 ಸೆಂ.ಮೀ. ಬೆಳೆದರೆ ಹೆಚ್ಚು. ಆದ್ದರಿಂದ ತೆಳು ಕಾಂಡದ ಗಿಡ ತಂದು ದಪ್ಪ ಮಾಡುತ್ತೇನೆ ಎನ್ನುವ ಲೆಕ್ಕ ಇಲ್ಲಿ ನಡೆಯದು. ಬೇಕಾದ ದಪ್ಪದ ಕಾಂಡವನ್ನೇ ಆರಿಸಿ. ಕುಂಡದ ಮೇಲ್ಮಣ್ಣನ್ನು ಎರಡು ಮೂರು ಸೆಂ.ಮೀ. ಸರಿಸಿ ಬೇರು ಹೊರಡುವ ಜಾಗ ನೋಡಿ, ಅದು ಹಲವು ಸಲ ಆಳದಲ್ಲಿ ಹೂತಿರುತ್ತದೆ. ಕೊಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ. ಬಿದ್ದ ಚುಕ್ಕೆಗಳು ಹರಿದಾಡಿದರೆ ಅದು ಜೇಡನುಸಿ, ಆ ಗಿಡ ಬೇಡ. ಕ್ರಿಸ್ಮಸ್ ಹಬ್ಬಕ್ಕೆಂದು ಮಿನುಗುಪುಡಿ ಎರಚಿ ಬೆಚ್ಚಗಿನ ಕೋಣೆಯಲ್ಲಿಟ್ಟು ಮಾರುವ ಗಿಡವಂತೂ ಬೇಡವೇ ಬೇಡ.

ತಂದ ಮೇಲಿನ ಮೊದಲ ಕೆಲಸ ಕತ್ತರಿಯದಲ್ಲ, ಚಿಮಟದ್ದು. ಒಳಗಿನ ಒಣ ಎಲೆಗಳನ್ನೆಲ್ಲ ಕೆದಕಿ ತೆಗೆದಾಗಲೇ ಕಾಂಡದ ರೂಪ ಕಾಣುವುದು. ಒಂದೇ ಗಂಟಿನಿಂದ ಸುತ್ತಲೂ ನಾಲ್ಕೈದು ರೆಂಬೆಗಳು ಹೊರಟಿರುತ್ತವೆ. ಹಾಗೇ ಬಿಟ್ಟರೆ ಆ ಜಾಗ ಊದಿಕೊಂಡು ಕಾಂಡ ಕೆಳಗಿಗಿಂತ ಮೇಲೆ ದಪ್ಪವಾಗುತ್ತದೆ. ಪ್ರತಿ ಗಂಟಿನಲ್ಲಿ ಒಂದೋ ಎರಡೋ ಉಳಿಸಿ. ಆದರೆ ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಸಿರು ತೆಗೆಯಬೇಡಿ, ಅದೇ ಋತುವಿನಲ್ಲಿ ಬೇರಿಗೂ ಕೈ ಹಾಕಬೇಡಿ.

ತಾಳ್ಮೆ ಕೆಡುವುದು ರೆಂಬೆಗಳನ್ನು ಬೇಕಾದ ಕಡೆ ಬಾಗಿಸಲು ಸುತ್ತುವ ತಂತಿಯ ವಿಷಯದಲ್ಲಿ. ರೆಂಬೆಗಳು ರಬ್ಬರಿನಂತೆ ಬಾಗುತ್ತವೆ, ಬಿಟ್ಟೊಡನೆ ಹಿಂದಕ್ಕೆ ಚಿಮ್ಮುತ್ತವೆ. ರೆಂಬೆಯ ಮೂರನೇ ಒಂದು ಭಾಗ ದಪ್ಪದ ಅಲ್ಯೂಮಿನಿಯಂ ತಂತಿಯನ್ನು 45 ಡಿಗ್ರಿ ಓರೆಯಲ್ಲಿ ಸುತ್ತಿ ವರ್ಷ ಕಾದರೂ ಬಿಚ್ಚಿದ ಮೇಲೆ ಅದು ಮೇಲೇಳುತ್ತದೆ. ಎರಡು ಮೂರು ವರ್ಷ ಬೇಕು. ಅಷ್ಟರಲ್ಲಿ ತೊಗಟೆಗೆ ತಂತಿ ಕಚ್ಚುವುದರಿಂದ ನಡುವೆ ಬಿಚ್ಚಿ ಬೇರೆ ಜಾಗದಲ್ಲಿ ಮತ್ತೆ ಸುತ್ತಬೇಕು. ದಪ್ಪ ರೆಂಬೆಗೆ ಕೆಳಗಿನಿಂದ ಎಳೆತಂತಿ ಕಟ್ಟುವುದೇ ಜಾಣತನ: ತೊಗಟೆಗೆ ತಾಗುವ ಕಡೆ ರಬ್ಬರ್ ಕೊಳವೆ ಹಾಕಿ ಕುಂಡದ ಅಂಚಿಗೆ ಬಿಗಿದರೆ ವರ್ಷಗಟ್ಟಲೆ ಬಿಡಬಹುದು. ಕೊಂಬೆ ಕೆಳಗೆ ಬಾಗಿದಷ್ಟೂ ಹಿಮದ ಭಾರ ಹೊತ್ತ ಮುದಿ ಮರದ ಕಳೆ ಬರುತ್ತದೆ. ಕಾಂಡವನ್ನೇ ಬಳುಕಿಸುವ ಆಸೆಯಿದ್ದರೆ ಜುನಿಪರ್ ಎಂಬ ಬೇರೆ ಗಿಡ ಕೊಳ್ಳಿ. ಇದು ನೇರ ಕಾಂಡದ ಶೈಲಿಗೆ ಹುಟ್ಟಿದ ಗಿಡ.

ಕುಂಡ ಬದಲಿಸಲು ವಸಂತದ ಆರಂಭ, ಮೊಗ್ಗು ಉಬ್ಬುವ ಹೊತ್ತು ಸರಿ. ನರ್ಸರಿಯ ಪೀಟ್ ಮಣ್ಣು (ಜೌಗಿನಲ್ಲಿ ಕೊಳೆತ ಗಿಡಗಳ ಪುಡಿ) ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಒಳಬಿಡುವುದಿಲ್ಲ. ಮೇಲೆ ಒದ್ದೆ, ನಡುವೆ ಒಣ. ಅದನ್ನೆಲ್ಲ ಒಂದೇ ದಿನ ತೊಳೆದು ಹಾಕಿದರೆ ಗಿಡ ಸಾಯಬಹುದು. ಬೇರುಂಡೆಯ ಅರ್ಧ ಭಾಗದ ಮಣ್ಣನ್ನು ಈ ಸಲ ಕಡ್ಡಿಯಿಂದ ಬಿಡಿಸಿ, ಉಳಿದರ್ಧವನ್ನು ಎರಡು ವರ್ಷ ಬಿಟ್ಟು. ಹೊಸ ಮಿಶ್ರಣಕ್ಕೆ ಅಕಡಾಮ (ಜಪಾನಿನ ಜೇಡಿಮಣ್ಣಿನ ಹರಳು), ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ಕಲ್ಲು), ಲಾವಾ ಕಲ್ಲು ಸಮಪಾಲು, ಹರಳು 3ರಿಂದ 6 ಮಿ.ಮೀ. ಬೇರಿನ ನಡುವೆ ಕಾಣುವ ಬಿಳಿ ಶಿಲೀಂಧ್ರವನ್ನು ರೋಗವೆಂದು ತೊಳೆಯಬೇಡಿ, ಅದು ಹೆಚ್ಚಾಗಿ ಬೇರಿಗೆ ನೆರವಾಗುವಂಥದ್ದೇ. ಗಿಡ ಅಲುಗದಂತೆ ಕುಂಡಕ್ಕೆ ತಂತಿಯಿಂದ ಕಟ್ಟಿ ಕೆಲವು ವಾರ ನೆರಳಿನಲ್ಲಿಡಿ.

ಮೊಗ್ಗಿನ ಕಂದು ಟೋಪಿ ಕಳಚಿ ಚಿಗುರು ಒಂದೆರಡು ಸೆಂ.ಮೀ. ಆದಾಗ ಬೆರಳಿನಿಂದಲೇ ಚಿವುಟಬೇಕು. ಕತ್ತರಿ ಆಡಿಸಿದರೆ ಸೂಜಿಗಳ ತುದಿ ಕಂದಾಗುತ್ತದೆ. ಮೇಲಿನ ಚಿಗುರು ಬಲಶಾಲಿ, ಅಲ್ಲಿ ಹೆಚ್ಚು ತೆಗೆಯಿರಿ. ಕೆಳಗಿನ ದುರ್ಬಲ ರೆಂಬೆಗಳನ್ನು ಮುಟ್ಟಲೇಬೇಡಿ.

ಸ್ಪ್ರೂಸ್‌ಗೆ ಹತ್ತುವ ಆ ಜೇಡನುಸಿ ಸುಡುಬೇಸಗೆಯದಲ್ಲ. ವಸಂತ ಮತ್ತು ಶರತ್ಕಾಲದ ತಂಪಿನಲ್ಲಿ ಹೆಚ್ಚುತ್ತದೆ, ಎಲೆ ಕಂದಾಗಿ ಕಾಣುವುದು ಆಮೇಲೆ. ಆಗ ಔಷಧಿ ಹೊಡೆದರೆ ಕಳ್ಳ ಹೋದ ಮೇಲೆ ಬಾಗಿಲು ಹಾಕಿದಂತೆ. ತಂಪಿನ ಆ ತಿಂಗಳುಗಳಲ್ಲಿ ಒಳಭಾಗಕ್ಕೆ ರಭಸದಿಂದ ನೀರು ಹಾಯಿಸುತ್ತಿದ್ದರೆ ಬಹುಪಾಲು ತಡೆಯಬಹುದು. ಗಿಡಕ್ಕೆ ಚಳಿಗಾಲದ ವಿಶ್ರಾಂತಿ ಬೇಕೇ ಬೇಕು. ಚಳಿಯೇ ಇಲ್ಲದ ಸೀಮೆಯಲ್ಲಾಗಲಿ ಮನೆಯೊಳಗಾಗಲಿ ಇದು ಬಾಳುವುದಿಲ್ಲ.

ಗೋಡೆಯ ಬಿಸಿ ತಾಗಿಯೋ ಚಳಿಗಾಲದ ಬಿಸಿಲಿಗೋ ಒಂದು ಮಗ್ಗುಲು ಸುಟ್ಟ ಗಿಡಗಳನ್ನು ಅಗ್ಗಕ್ಕೆ ಮಾರುವುದುಂಟು. ಒಂಟಿ ಮರಕ್ಕೆ ಅವು ಕೆಲಸಕ್ಕೆ ಬಾರವು. ಒಂದೇ ಕುಂಡದಲ್ಲಿ ಹಲವು ಗಿಡ ನೆಟ್ಟು ಕಿರುಕಾಡು ಮಾಡುವವರಿಗೆ ಅದೇ ಲಾಭ: ಬೇರೆ ಬೇರೆ ಎತ್ತರದ ಐದೋ ಏಳೋ ಗಿಡ ಆರಿಸಿ, ದಪ್ಪನೆಯದನ್ನು ನಡುವಿನಿಂದ ಸ್ವಲ್ಪ ಪಕ್ಕಕ್ಕೆ ನೆಟ್ಟು, ಸುಟ್ಟ ಮಗ್ಗುಲನ್ನು ಕಾಡಿನ ಒಳಕ್ಕೆ ತಿರುಗಿಸಿ. ದಟ್ಟ ಕಾಡಿನಲ್ಲಿ ಒಳಬದಿಯ ರೆಂಬೆಗಳು ಹೇಗೂ ಇರುವುದಿಲ್ಲ.