ಪಿಂಕ್ ಪ್ರಿನ್ಸೆಸ್ ಅಂತ ಹೇಳಿ ಪಿಂಕ್ ಕಾಂಗೊ ಕಳಿಸ್ತಾರೆ, ಜಾಗ್ರತೆ

ಆನ್‌ಲೈನ್‌ನಲ್ಲಿ ಪಿಂಕ್ ಪ್ರಿನ್ಸೆಸ್ ಫಿಲೋಡೆಂಡ್ರಾನ್ ತರಿಸುವ ಯೋಚನೆ ಇದ್ದರೆ ಹಣ ಹಾಕುವ ಮೊದಲು ದಯವಿಟ್ಟು ಇದನ್ನು ಓದಿ. ನನಗೆ ಹೋದದ್ದು 1,800 ರೂಪಾಯಿ, ಕೊರಿಯರ್ ಬೇರೆ. ಹಣ ಹೋದ ಬೇಸರಕ್ಕಿಂತ ಗಿಡ ಮಾರಿದ ಮನುಷ್ಯ ಕೊಟ್ಟ ಉತ್ತರಗಳ ಸಿಟ್ಟೇ ಜಾಸ್ತಿ.

ಪಿಂಕ್ ಪ್ರಿನ್ಸೆಸ್ ಹತ್ತುವ ಬಳ್ಳಿ. ಮೂಲ ಜಾತಿ ಕೊಲಂಬಿಯಾದ್ದು. ಎಲೆ ಗಾಢ ಹಸಿರು, ಹೆಚ್ಚುಕಡಿಮೆ ಕಪ್ಪೇ. ಅದರ ಮೇಲೆ ಅಲ್ಲಲ್ಲಿ ಗುಲಾಬಿ ಮಚ್ಚೆ. ಒಂದು ಎಲೆಯಂತೆ ಇನ್ನೊಂದಿಲ್ಲ. ಗೆಣ್ಣಿನಲ್ಲಿ ಬೇರು ಬಿಟ್ಟು ಕೋಲು ಹಿಡಿದು ಮೇಲೆ ಹೋಗುತ್ತದೆ. ಮನೆಯೊಳಗೆ ಕಿಟಕಿ ಹತ್ತಿರ ಒಳ್ಳೆ ಬೆಳಕು ಸಿಕ್ಕಿದರೆ ಸಾಕು, ನೇರ ಬಿಸಿಲು ಬೇಡ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಗಾಳಿಯಲ್ಲೇ ಬೇಕಾದಷ್ಟು ತೇವ ಇರುತ್ತದೆ, ಚೆನ್ನಾಗಿ ಬಂದೀತು ಅಂತ ಆಸೆಪಟ್ಟೆ.

ಅವನ ಪೇಜ್‌ನಲ್ಲಿ ಹಾಕಿದ್ದ ಫೋಟೋ ಅಸಲಿ ಪಿಂಕ್ ಪ್ರಿನ್ಸೆಸ್‌ನದ್ದೇ. ‘ಇದೇ ಮದರ್ ಪ್ಲಾಂಟ್ ಮೇಡಂ, ಇದರದ್ದೇ ಗಿಡ ಕಳಿಸೋದು’ ಅಂದ. ಮೊದಲು ಗೂಗಲ್ ಪೇ, ಆಮೇಲೆ ಕೊರಿಯರ್, ಬಾಕ್ಸ್ ತೆರೆಯುವಾಗ ಕಟ್ ಮಾಡದೆ ವಿಡಿಯೋ. ಎಲ್ಲ ಮಾಮೂಲಿ ನಿಯಮ. ಎಲ್ಲ ಪಾಲಿಸಿದೆ.

ಬಾಕ್ಸ್ ತೆರೆದರೆ ಗಿಡ ಬಾಡಿರಲಿಲ್ಲ, ಬೇರೂ ಚೆನ್ನಾಗಿತ್ತು. ಆದರೆ ಮೇಲಿನ ಎಲೆಗಳೆಲ್ಲ ಪೂರ್ತಿ ಗುಲಾಬಿ. ಮಚ್ಚೆ ಇಲ್ಲ, ಗೆರೆ ಇಲ್ಲ, ಅಂಚಿನಿಂದ ಅಂಚಿಗೆ ಒಂದೇ ಬಣ್ಣ. ಕೆಳಗಿನ ಎಲೆ ಬರೀ ಹಸಿರು. ಫೋಟೋದ ಹಾಗೆ ಇಲ್ಲವಲ್ಲ ಅಂತ ಕೂಡಲೇ ಕೇಳಿದೆ. ಬಂದ ಉತ್ತರ: ‘ಹೈ ವೆರಿಗೇಶನ್ ಮೇಡಂ, ಲಕ್ಕಿ ನೀವು. ಬೇರೆಯವರಿಗೆ ಹೋಗಬೇಕಿತ್ತು, ನಿಮಗೆ ಅಂತ ಕಳಿಸಿದೆ.’ ವೆರಿಗೇಶನ್ ಅಂದರೆ ಎಲೆಯಲ್ಲಿ ಬರುವ ಬೇರೆ ಬಣ್ಣದ ಮಚ್ಚೆ, ಗೆರೆ. ನಾನು ಅವನಿಗೆ ಥ್ಯಾಂಕ್ಸ್ ಹೇಳಿದೆ. ಥ್ಯಾಂಕ್ಸ್! ಆ ಮೆಸೇಜ್ ಇನ್ನೂ ಫೋನಿನಲ್ಲಿದೆ, ನೋಡಿದಾಗೆಲ್ಲ ಮೈ ಉರಿಯುತ್ತದೆ.

ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಸ್ವಲ್ಪ ಗೊಬ್ಬರ ಸೇರಿಸಿ ನೆಟ್ಟೆ. ನಾರು ಸುತ್ತಿದ ಕೋಲು ಊರಿದೆ. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು. ಗಿಡ ಸೊಂಪಾಗಿ ಬೆಳೆಯಿತು. ಹೊಸ ಎಲೆ ಸುರುಳಿಯಾಗಿ ಪೊರೆಯಿಂದ ಹೊರಬಂತು. ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೋಡುವುದು, ಎಲ್ಲಾದರೂ ಗುಲಾಬಿ ಗೆರೆ ಕಾಣುತ್ತದಾ ಅಂತ. ಬಿಚ್ಚಿಕೊಂಡಾಗ ಹಸಿರು. ಒಂದು ಚುಕ್ಕೆ ಗುಲಾಬಿ ಇಲ್ಲ. ಮುಂದಿನದ್ದೂ ಹಸಿರು. ಅದರ ಮುಂದಿನದ್ದೂ ಹಸಿರು. ಹಳೆಯ ಗುಲಾಬಿ ಎಲೆಗಳ ಬಣ್ಣವೂ ಮಾಸುತ್ತಾ ಬಂತು.

ಕೇಳಿದರೆ, ‘ಟ್ರಾನ್ಸ್‌ಪೋರ್ಟ್ ಶಾಕ್ ಮೇಡಂ, ಸರಿ ಹೋಗುತ್ತೆ.’ ಮತ್ತೆ ಕೇಳಿದರೆ, ‘ಬೆಳಕು ಸಾಲದು, ಬಿಸಿಲಿಗಿಡಿ.’ ಬಿಸಿಲಿಗಿಟ್ಟೆ. ಎಲೆ ಸುಟ್ಟು ಕಂದು ಕಲೆ ಬಿತ್ತು. ಆ ಫೋಟೋ ಕಳಿಸಿದರೆ, ‘ಇಷ್ಟು ಬಿಸಿಲಲ್ಲಿ ಇಡ್ತಾರಾ ಮೇಡಂ?’

ಹೇಳಿದ್ದೇ ಅವನು!

ಸತ್ಯ ಹೇಳಿದ್ದು ನನ್ನ ಅಮ್ಮ. ಅಮ್ಮನಿಗೆ ಫಿಲೋಡೆಂಡ್ರಾನ್ ಅನ್ನುವ ಹೆಸರೇ ಗೊತ್ತಿಲ್ಲ. ಆದರೆ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ ಗೊತ್ತು. ಕುಂಡದ ಹತ್ತಿರ ಬಗ್ಗಿ ನೋಡಿ, ‘ಇದು ಹತ್ತುವ ಜಾತಿ ಅಲ್ಲ ಮಗಾ. ಗೆಣ್ಣು ಎಲ್ಲಿ ಉಂಟು? ಎಲೆ ಎಲ್ಲ ಒಂದೇ ಕಡೆಯಿಂದ ಬರ್ತಾ ಉಂಟು. ಸುಮ್ನೆ ಕೋಲು ಯಾಕೆ ಕಟ್ಟಿದ್ದು?’ ಅಂದರು. ಅಷ್ಟು ದಿನವಾದರೂ ಒಂದು ಬೇರು ಆ ನಾರಿಗೆ ಅಂಟಿರಲಿಲ್ಲ.

ಆಮೇಲೆ ಹುಡುಕಿದಾಗ ಎಲ್ಲ ತಿಳಿಯಿತು. ನನಗೆ ಬಂದದ್ದು ಪಿಂಕ್ ಕಾಂಗೊ. ಅದು ಬಳ್ಳಿಯೇ ಅಲ್ಲ, ಪೊದೆಯ ಹಾಗೆ ಬೆಳೆಯುವ ಹಸಿರು ಗಿಡ. ಆ ಗುಲಾಬಿ ಬಣ್ಣ ರಾಸಾಯನಿಕದಿಂದ ಬರಿಸಿದ್ದು. ಕೆಲವು ತಿಂಗಳು, ಹೆಚ್ಚೆಂದರೆ ಒಂದು ವರ್ಷ, ಅಷ್ಟರಲ್ಲಿ ಹಸಿರಾಗುತ್ತದೆ. ಮತ್ತೆ ಗುಲಾಬಿ ಬರುವುದಿಲ್ಲ. ಮೋಸದ ಜಾಣತನ ನೋಡಿ ಮಾರಾಯ್ರೇ, ಬಾಕ್ಸ್ ತೆರೆಯುವ ವಿಡಿಯೋದಲ್ಲಿ ಗಿಡ ಚಂದವೇ ಕಾಣುತ್ತದೆ. ಮೋಸ ಬಯಲಾಗುವುದು ತಿಂಗಳುಗಟ್ಟಲೆ ಕಳೆದ ಮೇಲೆ. ಅಷ್ಟರಲ್ಲಿ ಅವರ ‘ಗ್ಯಾರಂಟಿ’ ಮುಗಿದಿರುತ್ತದೆ.

ಇದನ್ನು ಅವನಿಗೆ ಬರೆದು ಹಣ ವಾಪಸ್ ಕೇಳಿದೆ. ‘ಟಿಷ್ಯೂ ಕಲ್ಚರ್ ಗಿಡ ಮೇಡಂ, ಕೆಲವು ರಿವರ್ಟ್ ಆಗುತ್ತೆ. ನೇಚರ್ ಅದು.’ ಇದು ಅರ್ಧ ಸತ್ಯ, ಅದಕ್ಕೇ ಇನ್ನೂ ಸಿಟ್ಟು. ಅಸಲಿ ಪಿಂಕ್ ಪ್ರಿನ್ಸೆಸ್ ಕೂಡ ಕೆಲವೊಮ್ಮೆ ಹಸಿರಿಗೆ ತಿರುಗುವುದು ಹೌದು. ಆಗ ಗುಲಾಬಿ ಗೆರೆ ಇರುವ ಗೆಣ್ಣಿನವರೆಗೆ ಕತ್ತರಿಸಿದರೆ ಮತ್ತೆ ಬಣ್ಣದ ಚಿಗುರು ಬರುವ ಸಾಧ್ಯತೆ ಉಂಟು. ನನ್ನ ಗಿಡದಲ್ಲಿ ಕತ್ತರಿಸಲು ಅಂಥ ಗೆಣ್ಣೇ ಇಲ್ಲವಲ್ಲ! ಕಾಂಡದ ಫೋಟೋ ಕಳಿಸಿ ಗೆರೆ ಎಲ್ಲಿ ತೋರಿಸಿ ಅಂದೆ. ಕೊನೆಯ ಮೆಸೇಜ್: ‘ನಿಮ್ಮ ಊರಲ್ಲಿ ಮಳೆ ಜಾಸ್ತಿ, ಅಲ್ಲಿ ಈ ಗಿಡ ಆಗಲ್ಲ. ನಿಮಗೆ ಗಿಡ ಸಾಕೋಕೆ ಬರಲ್ಲ.’ ಹೇಳಿದವನೇ ಬ್ಲಾಕ್ ಮಾಡಿದ.

ನಮಗೆ ಗಿಡ ಸಾಕಲು ಬರುವುದಿಲ್ಲವಂತೆ. ತೆಂಗು, ಅಡಿಕೆಯಂಥ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇರುವ ಜಿಲ್ಲೆ ನಮ್ಮದು. ಅಡಿಕೆ ಸಸಿ ತರುವಾಗ ತಳಿ ಮಂಗಳವಾ, ಮೋಹಿತ್‌ನಗರವಾ, ತಾಯಿ ಮರ ಯಾವುದು ಅಂತ ಹತ್ತು ಸಲ ಕೇಳಿಯೇ ತರುವವರು ನಾವು. ನನ್ನ ಗಿಡ ಇವತ್ತಿಗೂ ಸತ್ತಿಲ್ಲ. ದೊಡ್ಡ ದೊಡ್ಡ ಹಸಿರು ಎಲೆ ಬಿಟ್ಟುಕೊಂಡು ಚಾವಡಿಯಲ್ಲಿ ಉಂಟು. ಸಾಕಲು ಬಾರದವಳ ಗಿಡ ಹೀಗೆ ಇರುತ್ತದಾ?

ಕೊಳ್ಳುವವರು ಎಲೆ ನೋಡಿ ಮರುಳಾಗಬೇಡಿ, ಕಾಂಡದ ವಿಡಿಯೋ ಕೇಳಿ. ಗೆಣ್ಣು ದೂರದೂರ ಇರಬೇಕು, ಕಾಂಡದ ಮೇಲೆ ಗುಲಾಬಿ ಗೆರೆ ಇರಬೇಕು. ಎಲ್ಲ ಎಲೆಯೂ ಪೂರ್ತಿ ಗುಲಾಬಿ ಇದ್ದರೆ ಬೇಡವೇ ಬೇಡ. ಅಸಲಿ ಬಳ್ಳಿಯಲ್ಲಿ ಅಂಥ ಎಲೆಯಲ್ಲಿ ಹಸಿರೇ ಇಲ್ಲದ ಕಾರಣ ಅದು ಬೇಗ ಕಂದಾಗಿ ಉದುರುತ್ತದೆ, ಗಿಡವೂ ಸೊರಗುತ್ತದೆ. ಪಿಂಕ್ ಪ್ರಿನ್ಸೆಸ್ ಬೀಜ ಅಂತ ಪೊಟ್ಟಣ ಮಾರುವವರೂ ಇದ್ದಾರೆ, ಆ ಬಣ್ಣ ಬೀಜದಿಂದ ಬರುವಂಥದ್ದಲ್ಲ. ಮತ್ತೆ ಮಕ್ಕಳು, ಬೆಕ್ಕು ಇರುವ ಮನೆಯವರು ಕೈಗೆಟಕದ ಕಡೆ ಇಡಿ. ಇದೂ ಕೆಸುವಿನ ಕುಟುಂಬದ್ದೇ, ಕಚ್ಚಿದರೆ ಬಾಯಿ ತುರಿಸಿ ಉರಿಯುತ್ತದೆ. ಅದನ್ನೂ ಆ ಮನುಷ್ಯ ಒಂದು ಮಾತು ಹೇಳಿರಲಿಲ್ಲ.

ಹಣ ಕೊಟ್ಟ ಸ್ಕ್ರೀನ್‌ಶಾಟ್, ಚಾಟ್, ಮೊದಲ ದಿನದ ಫೋಟೋ ಯಾವುದನ್ನೂ ಡಿಲೀಟ್ ಮಾಡಬೇಡಿ. ಗ್ರಾಹಕರ ಸಹಾಯವಾಣಿ 1915. ನಾನು ದೂರು ಕೊಟ್ಟಿದ್ದೇನೆ. ಆ ಪೇಜ್ ಇನ್ನೂ ಅದೇ ‘ಮದರ್ ಪ್ಲಾಂಟ್’ ಫೋಟೋ ಹಾಕಿ ಮಾರುತ್ತಲೇ ಇದೆ. ಅಂಥವರು ಕಾಂಡದ ವಿಡಿಯೋ ಕೊಡುವುದಿಲ್ಲ ಅಂದರೆ ಒಂದು ರೂಪಾಯಿಯೂ ಹಾಕಬೇಡಿ.