ಡಬಲ್ ಸ್ಟ್ಯಾಂಡ್ ಇಲ್ಲದ 350 ಸಿಸಿ ಗಾಡಿ: ಬೆಳಗಾವಿಯಲ್ಲಿ ಎರಡು ಮಳೆಗಾಲ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಗಾಡಿ ನನಗೆ ಇಷ್ಟ. ಆದರೆ ಇಷ್ಟು ದುಡ್ಡು ತಗೊಂಡು ಡಬಲ್ ಸ್ಟ್ಯಾಂಡ್ ಕೊಡದೆ ಇರುವುದು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಕಂಪನಿಯ ಹೆಸರು ಬರೆಯುವುದಿಲ್ಲ. ಬರೀ ಸೈಡ್ ಸ್ಟ್ಯಾಂಡ್ ಹಾಕಿ ಕೊಡುವವರು ಈಗ ಒಬ್ಬರಲ್ಲ. ಎಂಜಿನ್ನು, ಪವರ್ರು, ಬಣ್ಣ ಎಲ್ಲ ನೀವು ನೋಡಿಯೇ ಇರುತ್ತೀರಿ, ಅದು ಬೇಡ.

ನನಗೆ ಐವತ್ತು ದಾಟಿದೆ. ಉದ್ಯಮಬಾಗದ ಮಷಿನ್ ಶಾಪ್ ಒಂದರಲ್ಲಿ ಕೆಲಸ, ಮನೆ ಟಿಳಕವಾಡಿ. ಹರೆಯದಲ್ಲಿ ಸೋದರಮಾವನ ಹಳೆಯ ಯೆಜ್ಡಿ ಬೈಕ್ ನನ್ನ ಕೈಗೆ ಬಂದಿತ್ತು. ಆಮೇಲೆ ಮದುವೆ, ಮಕ್ಕಳು, ಸ್ಕೂಟರ್, ಕಾರು. ಮಗಳ ಕಾಲೇಜು ಫೀ ಮುಗಿಯುವ ತನಕ ಗೇರ್ ಗಾಡಿಯ ವಿಚಾರವನ್ನೇ ಮಾಡಲಿಲ್ಲ. ಮುಗಿದ ಮೇಲೆ ಸಾಲ ಮಾಡದೆ ಕೊಳ್ಳುವಷ್ಟು ಕೂಡಿಟ್ಟು ಇದನ್ನು ತಂದೆ. ನಾನು ಕೊಂಡಾಗ ಜಿಎಸ್‌ಟಿ 28 ಪರ್ಸೆಂಟ್ ಇತ್ತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಗಾಡಿಗಳಿಗೆ 18ಕ್ಕೆ ಇಳಿದಿದೆ. ಈಗ ಕೊಳ್ಳುವವರಿಗೆ ಒಳ್ಳೆಯ ಉಳಿತಾಯ.

ಬಹಳ ವರ್ಷ ಬಿಟ್ಟು ಹತ್ತುವವರಿಗೆ ಒಂದು ಮಾತು. ಶೋರೂಮಿಗೆ ಹೋಗುವ ಮೊದಲು ನಿಮ್ಮ ಲೈಸೆನ್ಸ್ ತೆಗೆದು ತಾರೀಖು ನೋಡಿ. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಟೆಸ್ಟ್ ಕೊಡಬೇಕು. ನಲವತ್ತು ದಾಟಿದವರಿಗೆ ನವೀಕರಣಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕು.

ಯೆಜ್ಡಿ ಓಡಿಸಿದವರಿಗೆ ಗೊತ್ತು, ಅದರಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್. ಕಿಕ್ ಹೊಡೆದು ಅದನ್ನೇ ಮುಂದಕ್ಕೆ ಮಡಚಿ ಗೇರ್ ಹಾಕಬೇಕು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಗಾಡಿ ಅದು, 1996ಕ್ಕೆ ಕಾರ್ಖಾನೆ ನಿಂತಿತು. ಟೂ ಸ್ಟ್ರೋಕ್ ಆದ್ದರಿಂದ ಆಕ್ಸಿಲರೇಟರ್ ಬಿಟ್ಟರೂ ಗಾಡಿ ಅಷ್ಟು ಹಿಡಿಯುತ್ತಿರಲಿಲ್ಲ. ಈಗಿನ ಫೋರ್ ಸ್ಟ್ರೋಕ್‌ನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಎಂಜಿನ್ನೇ ವೇಗ ಇಳಿಸುತ್ತದೆ. ಇದಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ಸಮಯ ಬೇಕಾಯಿತು. ಜೋರಾಗಿ ಬ್ರೇಕ್ ಒತ್ತಿದರೂ ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ ಅಂತೂ ದೊಡ್ಡ ಧೈರ್ಯ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲ್ಪಟ್ಟ ಹೊಸ ಗಾಡಿಗಳಿಗೆಲ್ಲ ಅದು ಕಡ್ಡಾಯ. ಜುಲೈ ಮಳೆಯಲ್ಲಿ ಕಾಂಗ್ರೆಸ್ ರೋಡಿನಲ್ಲಿ ಎಮ್ಮೆ ಅಡ್ಡ ಬಂದಾಗ ಬ್ರೇಕ್ ಜೋರಾಗಿ ಒತ್ತಿದೆ. ಪಾದದ ಕೆಳಗೆ ಪೆಡಲ್ ಟಕಟಕ ಎಂದಿತು, ಗಾಡಿ ನೇರವಾಗಿಯೇ ನಿಂತಿತು. ಹಳೆಯ ಡ್ರಮ್ ಬ್ರೇಕ್ ಆಗಿದ್ದರೆ ಹಿಂದಿನ ಗಾಲಿ ಜಾರಿಯೇ ಜಾರುತ್ತಿತ್ತು.

ಇಷ್ಟೆಲ್ಲ ಕೊಟ್ಟವರು ಒಂದು ಡಬಲ್ ಸ್ಟ್ಯಾಂಡ್ ಕೊಡಬಾರದಾ?

ಶೋರೂಮಿನಲ್ಲಿ ಕೇಳಿದೆ. ಅಲ್ಲಿನ ಹುಡುಗ, "ಕಾಕಾ, ಈಗ ಅದನ್ನ ಯಾರೂ ಕೇಳಂಗಿಲ್ರಿ. ಬೇಕಂದ್ರ ಬ್ಯಾರೆ ರೊಕ್ಕ ಕೊಟ್ಟು ಹಾಕಿಸ್ಕೋರಿ" ಎಂದ. ತೂಕ ಕಡಿಮೆ ಆಗಬೇಕು, ಗಾಡಿ ವಾಲಿಸಿದಾಗ ನೆಲಕ್ಕೆ ತಾಗಬಾರದು, ಇದು ಕಂಪನಿಗಳು ಕೊಡುವ ಕಾರಣ. ಖರ್ಚು ಉಳಿಯುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ. ನಮ್ಮಂಥವರು ಚನ್ನಮ್ಮ ವೃತ್ತದಲ್ಲಿ ನೆಲಕ್ಕೆ ತಾಗುವಷ್ಟು ಗಾಡಿ ವಾಲಿಸುತ್ತೇವಾ? ನೂರಾ ಎಂಬತ್ತು ಕೆಜಿ ಗಾಡಿಯಲ್ಲಿ ಒಂದೆರಡು ಕೆಜಿ ಉಳಿಸಿ ಯಾರಿಗೆ ಏನು ಸಿಕ್ಕಿತು?

ತೊಂದರೆ ದಿನಾ ಇತ್ತು. ಗಣಪತ ಗಲ್ಲಿ, ಖಡೇಬಜಾರ್ ಕಡೆ ಗಾಡಿ ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಸ್ಕೂಟರ್‌ಗಳೆಲ್ಲ ನೆಟ್ಟಗೆ ನಿಂತಿರುತ್ತವೆ. ನಮ್ಮದು ವಾಲಿಕೊಂಡು ಒಂದೂವರೆ ಗಾಡಿಯ ಜಾಗ ಹಿಡಿಯುತ್ತದೆ. ಪಕ್ಕದವರು ತಮ್ಮದು ತೆಗೆಯುವಾಗ ಹ್ಯಾಂಡಲ್ ಸಿಕ್ಕಿಕೊಂಡು ಬೈಗುಳ ಬೇರೆ. ಜಾಂಬೋಟಿ ಕಡೆ ಹೋದರೆ ಇನ್ನೊಂದು ಕಥೆ. ಮಳೆಗಾಲದ ಕೆಂಪು ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಚಹಾ ಕುಡಿಯುತ್ತಾ ಗಾಡಿ ಕಡೆಗೇ ಕಣ್ಣು ಇಟ್ಟಿರಬೇಕು. ಅದಕ್ಕೇ ಅಂಗೈ ಅಗಲದ ಒಂದು ತಗಡಿನ ತುಂಡನ್ನು ಬ್ಯಾಗಿನಲ್ಲಿ ಇಟ್ಟುಕೊಂಡೆ. ಸ್ಟ್ಯಾಂಡ್ ಕೆಳಗೆ ಅದನ್ನು ಇಟ್ಟರೆ ಹುದುಗುವುದಿಲ್ಲ. ಸೈಡ್ ಸ್ಟ್ಯಾಂಡ್ ಮಾತ್ರ ಇರುವ ಎಲ್ಲರೂ ಹೀಗೊಂದು ತುಂಡು ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಕಷ್ಟ ಚೈನಿನದು. ನಮ್ಮ ಊರಿನ ಮಳೆಯಲ್ಲಿ ಚೈನಿಗೆ ಮಣ್ಣು ಮೆತ್ತುವುದು ತಪ್ಪುವುದಿಲ್ಲ. ಡಬಲ್ ಸ್ಟ್ಯಾಂಡ್ ಇಲ್ಲದಿದ್ದರೆ ಹಿಂದಿನ ಗಾಲಿ ಎತ್ತುವುದು ಹೇಗೆ? ಒಂದು ಗೇಣು ಒರೆಸು, ಎದ್ದು ಗಾಡಿ ತಳ್ಳು, ಮತ್ತೆ ಕೂತು ಇನ್ನೊಂದು ಗೇಣು ಒರೆಸು. ಮಂಡಿ ನೋಯುವ ವಯಸ್ಸಿನಲ್ಲಿ ಇದು ಶಿಕ್ಷೆ. ಹಿಂದಿನ ಗಾಲಿಯನ್ನು ಎತ್ತಿ ಹಿಡಿಯುವ, ಗಾಡಿಗೆ ಜೋಡಿಸದ ಪ್ಯಾಡಾಕ್ ಸ್ಟ್ಯಾಂಡ್ ಸಿಗುತ್ತದೆ, ಆದರೆ ಅದು ಮನೆಯಲ್ಲೇ ಇರುವಂಥದ್ದು. ದಾರಿಯಲ್ಲಿ ಪಂಕ್ಚರ್ ಆದರೆ ಏನು ಉಪಯೋಗ?

ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಬೇಸತ್ತು, ಬೇರೆ ದುಡ್ಡು ಕೊಟ್ಟು ಹಾಕಿಸಿಯೇ ಬಿಟ್ಟೆ. ಅಲ್ಲಿಂದ ಈ ಗಾಡಿಯ ಮೇಲಿನ ಪ್ರೀತಿ ಹೆಚ್ಚಾಯಿತು ಅಂತಲೇ ಹೇಳಬೇಕು.

ಎತ್ತುವುದಕ್ಕೆ ಶಕ್ತಿ ಬೇಡ. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಹಿಂದಿನ ಸರಳಿನ ಮೇಲೆ. ಬಲಗಾಲಿನಿಂದ ಸ್ಟ್ಯಾಂಡನ್ನು ಒತ್ತಿ, ಅದರ ಎರಡೂ ಕಾಲು ನೆಲಕ್ಕೆ ಮುಟ್ಟಿದ್ದು ತಿಳಿದ ಮೇಲೆ ಮೈ ಭಾರವನ್ನೆಲ್ಲ ಆ ಪಾದದ ಮೇಲೆ ಬಿಡಬೇಕು. ಗಾಡಿ ತಾನೇ ಹಿಂದಕ್ಕೆ ಏರಿ ಕೂರುತ್ತದೆ. ಸೊಂಟ ಬಗ್ಗಿಸಿ ಎತ್ತಲು ಹೋದರೆ ಮಾತ್ರ ಬೆನ್ನು ಹಿಡಿಯುತ್ತದೆ.

ಈಗ ಭಾನುವಾರ ಬೆಳಿಗ್ಗೆ ಚಹಾ ಆದ ಕೂಡಲೇ ಅಂಗಳದಲ್ಲಿ ಹಳೆಯ ರಟ್ಟು ಹಾಸಿ ಗಾಡಿ ಎತ್ತುತ್ತೇನೆ. ಎಂಜಿನ್ ಬಂದ್, ಗೇರ್ ನ್ಯೂಟ್ರಲ್. ಎಂಜಿನ್ ಚಾಲೂ ಇಟ್ಟು ಚೈನಿಗೆ ಬಟ್ಟೆ ಹಿಡಿಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ, ಬೆರಳು ಹೋಗುತ್ತದೆ. ಚಿಮಣಿ ಎಣ್ಣೆ, ಹಳೆಯ ಟೂತ್‌ಬ್ರಷ್ ಸಾಕು. ಪೆಟ್ರೋಲ್ ಹಾಕಬಾರದು, ತಂತಿ ಬ್ರಷ್ ಬಳಸಬಾರದು. ಚೈನಿನ ಕೊಂಡಿಗಳ ನಡುವೆ ಸಣ್ಣ ರಬ್ಬರ್ ಉಂಗುರಗಳಿರುತ್ತವೆ, ಅವು ಕೆಟ್ಟರೆ ಒಳಗಿನ ಗ್ರೀಸ್ ಹೋಗುತ್ತದೆ. ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು, 90 ನಂಬರ್ ಗೇರ್ ಎಣ್ಣೆಯನ್ನು ಕೆಳಗಿನ ಸಾಲಿನ ಒಳಬದಿಗೆ ಹನಿ ಹನಿಯಾಗಿ ಬಿಡುತ್ತೇನೆ. ಗಾಲಿ ತಿರುಗಿದಾಗ ಅದು ಹೊರಗಿನ ತನಕ ತಾನೇ ಹರಡುತ್ತದೆ. ಜಾಸ್ತಿಯಾದ ಎಣ್ಣೆ ಒರೆಸಬೇಕು, ಇಲ್ಲದಿದ್ದರೆ ಟೈರಿಗೆ ಸಿಡಿಯುತ್ತದೆ.

ಕೊನೆಗೆ ಸ್ಟೀಲ್ ಸ್ಕೇಲ್ ತರುತ್ತೇನೆ. ಕೆಳಗಿನ ಸಾಲಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಮಾಡಿ ಎಷ್ಟು ಸಡಿಲ ಇದೆ ನೋಡುವುದು. ನನ್ನ ಗಾಡಿಗೆ ಎರಡರಿಂದ ಮೂರು ಸೆಂಟಿಮೀಟರ್. ಒಂದೇ ಕಡೆ ನೋಡಿದರೆ ಸಾಲದು, ಗಾಲಿ ತಿರುಗಿಸುತ್ತಾ ನಾಲ್ಕಾರು ಕಡೆ ನೋಡಬೇಕು, ಚೈನು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಬಿಗಿ ಮಾಡಿದರೆ ಹಿಂದಿನ ಗಾಲಿಯ ಎರಡೂ ಬದಿಯ ಗುರುತು ಒಂದೇ ಗೆರೆಗೆ ಬರಬೇಕು. ಎಲ್ಲ ಮುಗಿಸಿ ಗಾಲಿಯನ್ನು ಒಮ್ಮೆ ಜೋರಾಗಿ ತಿರುಗಿಸಿದಾಗ ಬರುವ ಸಣ್ಣ ಸರಸರ ಸದ್ದು ಕೇಳಲು ನನಗೆ ಬಹಳ ಸಂತೋಷ.

ಪಕ್ಕದ ಮನೆಯ ಹುಡುಗ ಒಮ್ಮೆ ಕೇಳಿದ, "ಕಾಕಾ, ಸರ್ವಿಸಿಗೆ ಕೊಟ್ರ ಅವ್ರ ಮಾಡ್ತಾರಲ್ರಿ, ನೀವ್ಯಾಕ ಕೈ ಹೊಲಸ ಮಾಡ್ಕೋತೀರಿ?" "ಬಾ ತಮ್ಮಾ, ಗಾಲಿ ತಿರುಗಿಸು" ಎಂದೆ. ಈಗ ಅವನ ಗಾಡಿಯ ಚೈನೂ ನಮ್ಮ ಅಂಗಳದಲ್ಲೇ ಸ್ವಚ್ಛವಾಗುತ್ತದೆ.

ಇದರ ಫಲ ಊರೊಳಗೆ ಗೊತ್ತಾಗುತ್ತದೆ. ಎರಡನೇ ರೈಲ್ವೆ ಗೇಟು ತೆರೆದಾಗ ಎಲ್ಲರೂ ಇಂಚಿಂಚು ಸರಿಯುತ್ತಾರಲ್ಲ, ಚೈನು ಸಡಿಲವಿದ್ದರೆ ಅಲ್ಲಿ ಗಾಡಿ ಜಗ್ಗುತ್ತದೆ. ಸರಿಯಿದ್ದರೆ ಮೆತ್ತಗೆ ಹೋಗುತ್ತದೆ. ಎಡಗೈ ಮಣಿಕಟ್ಟು ಮಾತ್ರ ಸಂಜೆ ಹೊತ್ತಿಗೆ ನೋಯುತ್ತದೆ, ಗೇಟ್ ಹಾಕಿದಾಗ ನ್ಯೂಟ್ರಲ್ ಮಾಡಿ ಕ್ಲಚ್ ಬಿಟ್ಟುಬಿಡಿ. ಮೈಲೇಜ್ ಲೀಟರಿಗೆ ಮೂವತ್ತೈದರ ಆಸುಪಾಸು, ನನಗೆ ಸಾಕು. ಹಿಂದಿನ ಸೀಟು ಗಟ್ಟಿ ಎಂದು ಮನೆಯವಳು ಹೇಳುತ್ತಾಳೆ, ಅದು ನಿಜ.

ನಡುವಯಸ್ಸಿನಲ್ಲಿ ಮತ್ತೆ ಹತ್ತುವವರು ಈ ಗಾಡಿ ಧಾರಾಳವಾಗಿ ಕೊಳ್ಳಬಹುದು. ಆದರೆ ಬುಕ್ ಮಾಡುವ ದಿನವೇ ಡಬಲ್ ಸ್ಟ್ಯಾಂಡ್ ಬಿಲ್ಲಿನಲ್ಲಿ ಸೇರಿಸಿ, ಡೆಲಿವರಿಗೆ ಮೊದಲೇ ಹಾಕಿಸಿಕೊಳ್ಳಿ. ಐದು ಸ್ಟಾರ್‌ನಲ್ಲಿ ನಾಲ್ಕು ಕೊಡುತ್ತೇನೆ. ಆ ಇನ್ನೊಂದು ಸ್ಟಾರ್, ಕಂಪನಿ ಸ್ಟ್ಯಾಂಡನ್ನು ಗಾಡಿಯ ಜೊತೆಗೇ ಕೊಟ್ಟ ದಿನ.